ಮಾಸ್ಕೋ ಪಟ್ಟಕ್ಕೆ ಎಷ್ಟೊಂದು ವಾರಸುದಾರರು!

ಹೋದ ತಿಂಗಳು ಇದೇ ಪುಟದಲ್ಲಿ ರಷ್ಯಾದ ‘ಗೊಂದಲದ ಕಾಲ’ದ ಬಗ್ಗೆ ಬರೆದಿದ್ದೆ. 1598ರಲ್ಲಿ, ಅಲ್ಲಿಯವರೆಗೆ ರಷ್ಯಾ ಆಳಿದ್ದ ರೂರಿಕ್ ಮನೆತನದ ಮಾಸ್ಕೋ ಕವಲು ಮುಗಿಯಿತು. 1613ರಲ್ಲಿ ರೊಮಾನೋವ್ ಮನೆತನ ಪಟ್ಟಕ್ಕೆ ಬಂತು. ನಡುವಿನ ಹದಿನೈದು ವರ್ಷ ಪಟ್ಟ ಕೈಯಿಂದ ಕೈಗೆ ಹಾರಿತು. ಅದನ್ನು ಓದಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ‘ಹಾಗಾಗದೆ ಹೀಗಾಗಿದ್ದರೆ?’ ಎಂದು ಕೇಳುವಂಥವು. ಹೊಸ ಓದುಗರಿಗೆ ಒಂದು ಮಾತು. ನಾನು ಇತಿಹಾಸದ ಮೇಷ್ಟ್ರಲ್ಲ, ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರ್. ವೈದ್ಯಕೀಯ ಓದಿದ್ದು ರಷ್ಯಾದ ಸ್ಮೊಲೆನ್‌ಸ್ಕ್‌ನಲ್ಲಿ. ಹಾಲು ತರಲು ಹೊರಟರೂ ಕೋಟೆಗೋಡೆ ಕಣ್ಣಿಗೆ ಬೀಳುವ ಊರು ಅದು. ಈ ಹುಚ್ಚು ಹತ್ತಿದ್ದು ಅಲ್ಲೇ.

ಪ್ರಶ್ನೆ: ಮೇಡಂ, ಸತ್ತ ರಾಜಕುಮಾರ ಮೂರು ಸಲ ‘ಎದ್ದು ಬಂದ’ ಎಂದು ಬರೆದಿದ್ದೀರಿ. ಆ ಹುಡುಗ ನಿಜಕ್ಕೂ ಹೇಗೆ ಸತ್ತ? ಡಾಕ್ಟರಾಗಿ ಏನು ಹೇಳುತ್ತೀರಿ? ಅವನು ಬದುಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಅಲ್ವಾ?
– ನಿವೃತ್ತ ಶಿಕ್ಷಕಿ, ಹಾವೇರಿ

ಉತ್ತರ: 1591ರ ಮೇ 15ರ ಮಧ್ಯಾಹ್ನ. ವೋಲ್ಗಾ ದಂಡೆಯ ಊಗ್ಲಿಚ್ ಎಂಬ ಊರು. ರಷ್ಯಾದ ಝಾರ್ (ಅಂದರೆ ದೊರೆ) ಇವಾನ್ ದಿ ಟೆರಿಬಲ್‌ನ ಕಿರಿಯ ಮಗ, ಎಂಟು ವರ್ಷದ ದ್ಮಿತ್ರಿ ಅರಮನೆ ಅಂಗಳದಲ್ಲಿ ಓರಗೆಯ ಹುಡುಗರ ಜೊತೆ ಆಡುತ್ತಿದ್ದ. ಚಾಕು ಎಸೆದು ನೆಲಕ್ಕೆ ನೆಡುವ ಆಟ. ಸ್ವಲ್ಪ ಹೊತ್ತಿಗೆ ಕುತ್ತಿಗೆ ಕುಯ್ದುಕೊಂಡು ಬಿದ್ದಿದ್ದ. ತಾಯಿ ಮರಿಯಾ ನಾಗಾಯಾ ಓಡಿಬಂದು ‘ನನ್ನ ಮಗನನ್ನು ಕೊಂದರು’ ಎಂದು ಕಿರುಚಿದಳು. ಚರ್ಚಿನ ಗಂಟೆ ಬಾರಿಸಿದರು. ಊರವರು ಸೇರಿ ಮಾಸ್ಕೋದಿಂದ ಬಂದಿದ್ದ ಅಧಿಕಾರಿಯನ್ನೂ ಅವನ ಕಡೆಯವರನ್ನೂ ಹೊಡೆದು ಕೊಂದರು.

ಆಗ ಪಟ್ಟದಲ್ಲಿದ್ದವನು ದ್ಮಿತ್ರಿಯ ಮಲ ಅಣ್ಣ ಫ್ಯೋದರ್. ಆಳುತ್ತಿದ್ದವನು ಮಾತ್ರ ಫ್ಯೋದರ್‌ನ ಹೆಂಡತಿಯ ಅಣ್ಣ ಬೋರಿಸ್ ಗೊದುನೋವ್. ಭಾವಮೈದುನನ ಕಾರುಬಾರು ಎಂದರೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಾಸ್ಕೋದಿಂದ ತನಿಖೆಗೆ ಬಂದವನು ವಸೀಲಿ ಶೂಯ್‌ಸ್ಕಿ. ಅವನ ವರದಿ ಇಷ್ಟು: ಹುಡುಗನಿಗೆ ಫಿಟ್ಸ್ ಬಂತು, ಕೈಯಲ್ಲಿದ್ದ ಚಾಕು ಅವನಿಗೇ ಚುಚ್ಚಿತು.

ನನ್ನ ಅಭಿಪ್ರಾಯ ಕೇಳಿದ್ದೀರಿ. ಹುಡುಗನಿಗೆ ಮೊದಲೂ ಫಿಟ್ಸ್ ಬರುತ್ತಿತ್ತು ಎಂದು ತನಿಖೆಯಲ್ಲಿ ಎಷ್ಟೋ ಜನ ಹೇಳಿದ್ದಾರೆ. ಫಿಟ್ಸ್ ಶುರುವಾದಾಗ ಮೈ ಸೆಟೆದು ಮುಷ್ಟಿ ಬಿಗಿಯುತ್ತದೆ. ಕೈಯಲ್ಲಿದ್ದ ವಸ್ತು ಒಮ್ಮೊಮ್ಮೆ ಹಾಗೇ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಬಿದ್ದು ಕುತ್ತಿಗೆಯ ದೊಡ್ಡ ರಕ್ತನಾಳ ಕುಯ್ದರೆ ಕೆಲವೇ ನಿಮಿಷ ಸಾಕು. ಅಪರೂಪ, ಆದರೆ ಆಗದ್ದಲ್ಲ. ವರದಿಯ ವೈದ್ಯಕೀಯ ಭಾಗದ ಮೇಲೆ ನನಗೆ ಅಷ್ಟು ಅನುಮಾನ ಇಲ್ಲ. ಬರೆದವನ ಮೇಲೆ ಇದೆ.

ಯಾಕೆಂದರೆ ಇದೇ ಶೂಯ್‌ಸ್ಕಿ 1591ರಲ್ಲಿ ‘ಆಕಸ್ಮಿಕ’ ಎಂದ. 1605ರಲ್ಲಿ ಪೋಲೆಂಡಿನ ಕಡೆಯಿಂದ ಒಬ್ಬ ಯುವಕ ‘ನಾನೇ ದ್ಮಿತ್ರಿ’ ಎಂದು ಮಾಸ್ಕೋಗೆ ಬಂದಾಗ ‘ಹೌದು, ಹುಡುಗ ಸತ್ತಿರಲಿಲ್ಲ’ ಎಂದ. 1606ರಲ್ಲಿ ಆ ಯುವಕನನ್ನು ಕೊಲ್ಲಿಸಿ ತಾನೇ ಝಾರ್ ಆದ ಮೇಲೆ ‘ಗೊದುನೋವ್ ಆ ಮಗುವನ್ನು ಕೊಲ್ಲಿಸಿದ್ದ’ ಎಂದ. ಹುಡುಗನ ಅವಶೇಷಗಳನ್ನು ಮಾಸ್ಕೋಗೆ ತರಿಸಿ ಸಂತನ ಪಟ್ಟ ಕೊಡಿಸಿದ. ಒಂದೇ ಸಾವು, ಒಬ್ಬನೇ ಸಾಕ್ಷಿ, ಮೂರು ಹೇಳಿಕೆ.

ತಾಯಿಯದು ಇನ್ನೂ ಸಂಕಟದ ಕಥೆ. ಮಗ ಸತ್ತ ಮೇಲೆ ಅವಳನ್ನು ಸನ್ಯಾಸಿನಿ ಮಾಡಿ ದೂರದ ಮಠಕ್ಕೆ ಹಾಕಿದ್ದರು. 1605ರಲ್ಲಿ ಅವಳನ್ನು ಕರೆತಂದು ಹೊಸ ಝಾರ್ ಎದುರು ನಿಲ್ಲಿಸಿದರು. ‘ಇವನೇ ನನ್ನ ಮಗ’ ಎಂದಳು. ಅವನು ಸತ್ತ ಮೇಲೆ ‘ಅಲ್ಲ’ ಎಂದಳು. ಹದಿನಾಲ್ಕು ವರ್ಷ ಮಠದ ಕೋಣೆಯಲ್ಲಿ ಕೊಳೆತವಳನ್ನು ನಾನು ಸುಳ್ಳಿ ಎನ್ನಲಾರೆ. ಅಂದಹಾಗೆ ಊಗ್ಲಿಚ್‌ನಲ್ಲಿ ಬಾರಿಸಿದ ಆ ಗಂಟೆಗೂ ಶಿಕ್ಷೆ ಆಯಿತಂತೆ. ನಾಲಿಗೆ ಕಿತ್ತು, ಕಿವಿ ಮುರಿದು, ಸೈಬೀರಿಯಾದ ತೊಬೊಲ್‌ಸ್ಕ್‌ಗೆ ಗಡಿಪಾರು ಮಾಡಿದರು. ಅದು ಊರಿಗೆ ವಾಪಸ್ ಬಂದದ್ದು 1892ರಲ್ಲಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಫ್ಯೋದರ್ 1598ರ ಜನವರಿಯಲ್ಲಿ ತೀರಿಕೊಂಡ. ಅವನ ಒಂದೇ ಮಗಳು ಹಸುಗೂಸಾಗಿದ್ದಾಗಲೇ ಹೋಗಿದ್ದಳು. ದ್ಮಿತ್ರಿ ಬದುಕಿದ್ದರೆ ಆಗ ಅವನಿಗೆ ಹದಿನೈದು. ಆದರೆ ಅಲ್ಲಿನ ಚರ್ಚ್ ಮೂರಕ್ಕಿಂತ ಹೆಚ್ಚು ಮದುವೆ ಒಪ್ಪುವುದಿಲ್ಲ. ಮರಿಯಾ ಅದಕ್ಕಿಂತ ಎಷ್ಟೋ ಮುಂದಿನ ಹೆಂಡತಿ. ‘ಈ ಹುಡುಗ ಸಕ್ರಮ ಸಂತಾನವೇ ಅಲ್ಲ’ ಎಂದು ಗೊದುನೋವ್ ಕಡೆಯವರು ಖಂಡಿತ ಎತ್ತುತ್ತಿದ್ದರು. ಜೊತೆಗೆ 1601ರಿಂದ 1603ರ ಬರಗಾಲ. ಬೇಸಿಗೆಯಿಡೀ ಮಳೆ, ಆಗಸ್ಟ್‌ನಲ್ಲೇ ಹಿಮ, ಹೊಲದಲ್ಲೇ ಕೊಳೆತ ಪೈರು. 1600ರಲ್ಲಿ ದಕ್ಷಿಣ ಅಮೆರಿಕದ ಪೆರುವಿನಲ್ಲಿ ಸಿಡಿದ ಜ್ವಾಲಾಮುಖಿಯ ಗಂಧಕದ ಹೊಗೆ ಆಕಾಶಕ್ಕೆ ಏರಿದ್ದೇ ಆ ಚಳಿಗೆ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಪಟ್ಟದಲ್ಲಿ ಯಾರೇ ಇದ್ದರೂ ಜನ ಅವರನ್ನೇ ಬೈಯುತ್ತಿದ್ದರು. ಗೊದುನೋವ್ ಬೈಸಿಕೊಂಡ. ದ್ಮಿತ್ರಿ ಇದ್ದಿದ್ದರೆ ಅವನೂ ಬೈಸಿಕೊಳ್ಳುತ್ತಿದ್ದ. ರಗಳೆ ತಪ್ಪುತ್ತಿರಲಿಲ್ಲ, ಸುಳ್ಳು ದ್ಮಿತ್ರಿಗಳು ತಪ್ಪುತ್ತಿದ್ದರು ಅಷ್ಟೇ.

ಪ್ರಶ್ನೆ: ಕಂಪ್ಯೂಟರ್ ಗೇಮ್‌ನಲ್ಲಿ ನಾನು ಪೋಲೆಂಡ್ ಆಗಿ ಆಡಿ ಮಾಸ್ಕೋ ಗೆದ್ದೆ. ನಮ್ಮ ರಾಜಕುಮಾರನೇ ಝಾರ್ ಆದ. ಅಮ್ಮ ‘ಇದೆಲ್ಲ ಸುಳ್ಳು ಇತಿಹಾಸ, ಪರೀಕ್ಷೆಗೆ ಓದು’ ಅಂತಾರೆ. ನಿಜಕ್ಕೂ ಹಾಗೆ ಆಗುವ ಸಾಧ್ಯತೆ ಇತ್ತಾ ಮೇಡಂ?
– ಬಿ.ಎ. ವಿದ್ಯಾರ್ಥಿ, ಬೆಂಗಳೂರು

ಉತ್ತರ: ಅಮ್ಮನ ಮಾತಿನ ಎರಡನೆಯ ಭಾಗ ಸರಿ, ಮೊದಲನೆಯದು ಅಷ್ಟು ಸರಿಯಲ್ಲ. ಪೋಲೆಂಡಿನ ರಾಜಕುಮಾರ ವ್ಲಾದಿಸ್ಲಾವ್ ಹೆಸರಿನಲ್ಲಿ ಮಾಸ್ಕೋದ ಟಂಕಸಾಲೆ ನಾಣ್ಯ ಹೊಡೆದಿತ್ತು. ಆ ಪುಟ್ಟ ಬೆಳ್ಳಿ ಕೊಪೆಕ್‌ಗಳು ಇವತ್ತೂ ಸಿಗುತ್ತವೆ. ಪಟ್ಟಾಭಿಷೇಕ ಆಗದ, ಮಾಸ್ಕೋದಲ್ಲಿ ಒಂದು ದಿನವೂ ಆಳದ ಝಾರ್‌ನ ನಾಣ್ಯ!

ಆದದ್ದು ಹೀಗೆ. 1610ರ ಬೇಸಿಗೆಯಲ್ಲಿ ಕ್ಲೂಶಿನೋ ಎಂಬ ಹಳ್ಳಿಯ ಹತ್ತಿರ ಪೋಲೆಂಡಿನ ಸೇನಾಪತಿ ಝೋಲ್ಕಿಯೆವ್‌ಸ್ಕಿ ಕೆಲವೇ ಸಾವಿರ ಸವಾರರನ್ನು ಇಟ್ಟುಕೊಂಡು, ತನಗಿಂತ ಎಷ್ಟೋ ದೊಡ್ಡದಾದ ರಷ್ಯಾ-ಸ್ವೀಡನ್ ಸೈನ್ಯವನ್ನು ಮುರಿದ. ಕೆಲವೇ ದಿನಕ್ಕೆ ಮಾಸ್ಕೋದವರು ಝಾರ್ ಶೂಯ್‌ಸ್ಕಿಯನ್ನು ಇಳಿಸಿ ಬಲವಂತವಾಗಿ ಸನ್ಯಾಸಿ ಮಾಡಿದರು. ಆಡಳಿತ ಏಳು ಜನ ಬೊಯಾರರ ಕೈಗೆ ಬಂತು. ಬೊಯಾರರು ಎಂದರೆ ದೊಡ್ಡ ಜಮೀನುದಾರಿ ಮನೆತನದವರು. ಒಂದು ಕಡೆ ಝೋಲ್ಕಿಯೆವ್‌ಸ್ಕಿ, ಇನ್ನೊಂದು ಕಡೆ ಎರಡನೇ ಸುಳ್ಳು ದ್ಮಿತ್ರಿ (ಮೊದಲನೆಯವನು ಸತ್ತ ಮೇಲೆ ಅದೇ ಹೆಸರು ಹೇಳಿಕೊಂಡು ಬಂದವನು) ಮತ್ತು ಅವನ ಕೊಸಾಕ್ ಪಡೆ, ಅಂದರೆ ಗಡಿನಾಡಿನ ಸವಾರ ಯೋಧರು. ಬೊಯಾರರಿಗೆ ಹೆಚ್ಚು ಭಯ ಇದ್ದದ್ದು ಕೊಸಾಕರದು. ಕೊಸಾಕರು ಬಂದರೆ ಜಮೀನು ಹೋಗುತ್ತದೆ, ಪೋಲೆಂಡಿನವರು ಬಂದರೆ ಝಾರ್ ಮಾತ್ರ ಬದಲಾಗುತ್ತಾನೆ. ಹಾಗೆ ಲೆಕ್ಕ ಹಾಕಿ ಆಗಸ್ಟ್‌ನಲ್ಲಿ ಹದಿನೈದು ವರ್ಷದ ವ್ಲಾದಿಸ್ಲಾವ್‌ನನ್ನು ಝಾರ್ ಎಂದು ಒಪ್ಪಿ ಕರಾರು ಮಾಡಿದರು. ಮಾಸ್ಕೋ ಜನ ಅವನ ಹೆಸರಿಗೆ ನಿಷ್ಠೆಯ ಪ್ರಮಾಣ ಮಾಡಿದರು.

ಕರಾರು ಸುಮ್ನೆ ಬರೆದದ್ದಲ್ಲ. ಚರ್ಚಿಗೆ ಕೈ ಹಾಕಬಾರದು, ಜಮೀನು ಇದ್ದವರಿಗೇ ಇರಬೇಕು, ಬೊಯಾರರ ಜೊತೆ ವಿಚಾರಣೆ ಮಾಡದೆ ಯಾರಿಗೂ ಶಿಕ್ಷೆ ಕೊಡಬಾರದು. ಇವಾನ್ ದಿ ಟೆರಿಬಲ್ ಆಳ್ವಿಕೆ ಕಂಡವರ ಮಕ್ಕಳು ಇದನ್ನು ಬರೆಸಿದರು ಎನ್ನುವುದನ್ನು ಮರೆಯಬೇಡಿ. ಒಂದು ವಿಷಯ ಮಾತ್ರ ಇತ್ಯರ್ಥ ಆಗದೆ ಉಳಿಯಿತು. ಹುಡುಗ ಕ್ಯಾಥೊಲಿಕ್. ಅವನು ಆರ್ಥಡಾಕ್ಸ್ ಧರ್ಮಕ್ಕೆ ಸೇರಲೇಬೇಕು ಎಂದು ಮಾಸ್ಕೋ ಧರ್ಮಗುರು ಗೆರ್ಮೊಗೆನ್ ಹಟ ಹಿಡಿದ. ಝೋಲ್ಕಿಯೆವ್‌ಸ್ಕಿ ಜಾಣ. ‘ಅದನ್ನು ನಮ್ಮ ರಾಜರ ಹತ್ತಿರವೇ ಮಾತಾಡಿಕೊಳ್ಳಿ’ ಎಂದು ಜಾರಿಕೊಂಡ.

ರಾಜ ಮೂರನೇ ಸಿಗಿಸ್ಮಂಡ್ ಎಲ್ಲಿದ್ದ ಗೊತ್ತಾ? ನಾನು ಓದಿದ ಊರಿನ ಹೊರಗೆ ಡೇರೆ ಹಾಕಿಕೊಂಡು ಕೂತಿದ್ದ. 1609ರ ಸೆಪ್ಟೆಂಬರ್‌ನಿಂದ ಸ್ಮೊಲೆನ್‌ಸ್ಕ್‌ಗೆ ಮುತ್ತಿಗೆ. ಆ ಗೋಡೆ ಆರೂವರೆ ಕಿಲೋಮೀಟರ್ ಉದ್ದ, 38 ಬುರುಜು. ಗೊದುನೋವ್ ಕಾಲದಲ್ಲಿ ಕಟ್ಟಿಸಿದ್ದು. ಅರ್ಧದಷ್ಟು ಈಗಲೂ ನಿಂತಿದೆ. ಚಳಿಗಾಲದಲ್ಲಿ ಟ್ರಾಮಿನ ಕಿಟಕಿಯ ಮಂಜು ಒರೆಸಿದರೆ ಕೆಂಪು ಇಟ್ಟಿಗೆಯೇ ಕಾಣುತ್ತಿತ್ತು. ಒಳಗಿದ್ದ ಕೋಟೆಯ ಅಧಿಕಾರಿ ಶೇಯಿನ್ ಇಪ್ಪತ್ತು ತಿಂಗಳು ಬಾಗಿಲು ತೆಗೆಯಲಿಲ್ಲ. ಮಾಸ್ಕೋದಿಂದ ದೊಡ್ಡ ನಿಯೋಗ ಈ ಡೇರೆಗೆ ಬಂತು. ‘ಮಗನನ್ನು ಕಳಿಸಿ, ಧರ್ಮ ಬದಲಿಸಲಿ, ಮುತ್ತಿಗೆ ತೆಗೆಯಿರಿ’ ಎಂದು ಕೇಳಿಕೊಂಡಿತು. ರಾಜ ಮೂರಕ್ಕೂ ಒಪ್ಪಲಿಲ್ಲ. ಕೊನೆಗೆ ಅವನ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. ಝಾರ್ ಆಗಬೇಕಾದ್ದು ಮಗನಲ್ಲ, ತಾನು. ನಿಯೋಗದ ಮುಖ್ಯಸ್ಥರನ್ನೇ ಹಿಡಿದು ಪೋಲೆಂಡಿಗೆ ಸಾಗಿಸಿದ. ಅವರಲ್ಲೊಬ್ಬನ ಹೆಸರು ಫಿಲಾರೆತ್. ಈ ಹೆಸರು ನೆನಪಿಟ್ಟುಕೊಳ್ಳಿ.

ಸಿಗಿಸ್ಮಂಡ್‌ಗೆ ಇದರ ಅನುಭವ ಇರಲಿಲ್ಲ ಎನ್ನುವಂತಿಲ್ಲ. ಅವನು ಹುಟ್ಟಿನಿಂದ ಸ್ವೀಡನ್ನಿನ ವಾಸಾ ಮನೆತನದವನು. 1592ರಲ್ಲಿ ಅಪ್ಪನ ಪಟ್ಟ ಸಿಕ್ಕಿ ಸ್ವೀಡನ್ನಿಗೂ ರಾಜನಾದ. ಜನ ಲೂಥರನ್ನರು, ರಾಜ ಕ್ಯಾಥೊಲಿಕ್, ವಾಸ ಪೋಲೆಂಡಿನಲ್ಲಿ. 1599ರಲ್ಲಿ ಚಿಕ್ಕಪ್ಪ ಕಾರ್ಲ್ ಅವನನ್ನು ಇಳಿಸಿದ. ಅದೇ ಮನುಷ್ಯ ಹತ್ತು ವರ್ಷದಲ್ಲಿ ಅದನ್ನೇ ಮಾಸ್ಕೋದಲ್ಲಿ ಮಾಡಲು ಹೊರಟಿದ್ದ.

ಸರಿ, 1610ರ ಶರತ್ಕಾಲದಲ್ಲಿ ಅಪ್ಪ ಮನಸ್ಸು ಮಾಡಿ ಮಗನನ್ನು ಕಳಿಸಿದ್ದರೆ? ವ್ಲಾದಿಸ್ಲಾವ್ ಮುಂದೆ 1632ರಲ್ಲಿ ಪೋಲೆಂಡಿನ ರಾಜನಾದಾಗ ಅಲ್ಲಿನ ಆರ್ಥಡಾಕ್ಸ್ ಚರ್ಚಿಗೆ ಮಾನ್ಯತೆ ಕೊಟ್ಟವನು. ಅಪ್ಪನಂತೆ ಮೊಂಡನಲ್ಲ. ಹದಿನೈದರ ವಯಸ್ಸಿನಲ್ಲಿ ಮಾಸ್ಕೋಗೆ ಬಂದು, ಭಾಷೆ ಕಲಿತು, ಬೊಯಾರರ ಮನೆ ಹುಡುಗಿಯನ್ನು ಮದುವೆಯಾಗಿದ್ದರೆ ಕೆಲವು ವರ್ಷ ನಡೆಯುತ್ತಿತ್ತು ಎಂದೇ ನನ್ನ ಅಂದಾಜು. ಕರಾರಿಗೆ ಕಟ್ಟುಬಿದ್ದ ಝಾರ್ ಎನ್ನುವ ಪದ್ಧತಿ ರಷ್ಯಾದಲ್ಲಿ ಬೇರು ಬಿಡುತ್ತಿತ್ತೋ ಏನೋ. ರೈತರಿಗೆ ಮಾತ್ರ ಏನೂ ಬದಲಾಗುತ್ತಿರಲಿಲ್ಲ. ಅವರನ್ನು ಜಮೀನಿಗೆ ಕಟ್ಟಿಹಾಕುವ ವಿಷಯದಲ್ಲಿ ಪೋಲೆಂಡಿನ ಒಡೆಯರಿಗೂ ರಷ್ಯಾದ ಒಡೆಯರಿಗೂ ಒಂದೇ ಮನಸ್ಸು. ಕಷ್ಟ ಬರುತ್ತಿದ್ದದ್ದು 1632ರಲ್ಲಿ, ಅಪ್ಪ ಸತ್ತಾಗ. ಎರಡು ಪಟ್ಟ, ಒಂದೇ ತಲೆ. ಯಾವ ಊರಿನಲ್ಲಿ ಇರುವುದು? ವಾರ್ಸಾದಲ್ಲಿದ್ದರೆ ಮಾಸ್ಕೋ ಹೋಗುತ್ತದೆ, ಸ್ವೀಡನ್ ಹೋದ ಹಾಗೆ.

ನಿಜದಲ್ಲಿ ಏನಾಯಿತೆಂದರೆ, ಹುಡುಗ ಬರಲಿಲ್ಲ, ಸೈನ್ಯ ಮಾತ್ರ ಬಂತು. ಕ್ರೆಮ್ಲಿನ್ ಒಳಗೆ ಪೋಲಿಷ್ ದಂಡು ಕೂತಿತು. 1611ರ ಮಾರ್ಚ್‌ನಲ್ಲಿ ಮಾಸ್ಕೋ ದಂಗೆ ಎದ್ದು ಊರು ಸುಟ್ಟುಹೋಯಿತು. ಜೂನ್‌ನಲ್ಲಿ ಸ್ಮೊಲೆನ್‌ಸ್ಕ್ ಬಿತ್ತು. ಕೊನೆಗೆ ಉಳಿದವರು ಚರ್ಚಿನಲ್ಲಿ ಸೇರಿ ಮದ್ದಿನ ಮನೆಗೆ ಬೆಂಕಿ ಇಟ್ಟರು. ಆ ಗುಡ್ಡದ ಮೇಲೆ ಈಗ ದೊಡ್ಡ ಹಸಿರು ಚರ್ಚ್ ಇದೆ. 1612ರಲ್ಲಿ ನಿಜ್ನಿ ನೊವ್‌ಗೊರೊದ್‌ನ ಮಾಂಸದ ವ್ಯಾಪಾರಿ ಮಿನಿನ್ ಹಣ ಕೂಡಿಸಿದ, ಪೊಝಾರ್‌ಸ್ಕಿ ದಂಡು ನಡೆಸಿದ. ಕ್ರೆಮ್ಲಿನ್ ಒಳಗಿದ್ದವರು ಹಸಿವಿನಿಂದ ಮನುಷ್ಯರನ್ನೇ ತಿನ್ನುವ ಸ್ಥಿತಿಗೆ ಬಂದು ಶರಣಾದರು.

1613ರ ಫೆಬ್ರವರಿ 21ರಂದು ಜನಸಭೆ ಆರಿಸಿದ್ದು ಹದಿನಾರು ವರ್ಷದ ಮಿಖಾಯಿಲ್ ರೊಮಾನೋವ್‌ನನ್ನು. ಅವನು ಆ ಫಿಲಾರೆತ್‌ನ ಮಗ. ಫಿಲಾರೆತ್ ಇನ್ನೂ ಪೋಲೆಂಡಿನ ಸೆರೆಯಲ್ಲಿ. ನೋಡಿ, 1610ರಲ್ಲೂ ಒಬ್ಬ ಹುಡುಗ, 1613ರಲ್ಲೂ ಒಬ್ಬ ಹುಡುಗ. ಮೊದಲನೆಯವನ ಹಿಂದೆ ಸೈನ್ಯ ಇಟ್ಟುಕೊಂಡ ಅಪ್ಪ ಇದ್ದ. ಎರಡನೆಯವನ ಅಪ್ಪ ಬೇಡಿ ಹಾಕಿಸಿಕೊಂಡಿದ್ದ. ಬೊಯಾರರಿಗೆ ಹಿಡಿಸಿದ್ದು ಈ ಎರಡನೆಯದು. ವಂಶಾವಳಿ ಹಿಡಿದುಕೊಂಡು ಈ ಆಯ್ಕೆಯನ್ನು ಅರ್ಥ ಮಾಡಿಕೊಳ್ಳಲು ಹೋದರೆ ಏನೂ ಸಿಗುವುದಿಲ್ಲ. ಹುಡುಗನ ತಾಯಿ ಮಾರ್ಫಾಗೆ ಮಾತ್ರ ಲೋಕಜ್ಞಾನ ಇತ್ತು. ಕೊಸ್ತ್ರೊಮಾದ ಇಪಾತಿಯೆವ್ ಮಠಕ್ಕೆ ಬಂದ ನಿಯೋಗಕ್ಕೆ ಅವಳು ಮೊದಲು ಒಪ್ಪಲೇ ಇಲ್ಲ. ನೀವು ಹಿಂದಿನ ಝಾರ್‌ಗಳಿಗೆ ಕೊಟ್ಟ ಮಾತು ಏನಾಯಿತು ಎಂದು ಕೇಳಿದಳು. 1619ರಲ್ಲಿ ಫಿಲಾರೆತ್ ಬಿಡುಗಡೆಯಾಗಿ ಬಂದ. ಬಂದವನೇ ಧರ್ಮಗುರುವಾಗಿ, 1633ರಲ್ಲಿ ಸಾಯುವವರೆಗೆ ಮಗನ ಜೊತೆ ತಾನೂ ಆಳಿದ. ಬೊಯಾರರ ಮುಖ ಆಗ ಹೇಗಿತ್ತೋ!

ವ್ಲಾದಿಸ್ಲಾವ್ ಮಾಸ್ಕೋ ಪಟ್ಟದ ಹಕ್ಕು ಬಿಟ್ಟದ್ದು 1634ರಲ್ಲಿ, 20,000 ರೂಬಲ್ ತೆಗೆದುಕೊಂಡು. 1610ರ ಕರಾರು ಪತ್ರ ವಾಪಸ್ ಕೊಡಿ ಎಂದು ರಷ್ಯಾದವರು ಕೇಳಿದರು. ಹುಡುಕಿದೆವು, ಸಿಗಲಿಲ್ಲ ಎಂದರು ಪೋಲೆಂಡಿನವರು. ಅಮ್ಮನಿಗೆ ಇದನ್ನು ಓದಿ ಹೇಳು. ಆಮೇಲೆ ಪರೀಕ್ಷೆಗೆ ಓದು.

ಪ್ರಶ್ನೆ: ಸ್ವೀಡನ್ನಿನ ರಾಜಕುಮಾರನೂ ಸಾಲಿನಲ್ಲಿದ್ದ ಎಂದು ಕೇಳಿದ್ದೇನೆ. ಅವನು ಗೆದ್ದಿದ್ದರೆ?
– ಓದುಗರು, ಮಂಗಳೂರು

ಉತ್ತರ: ಇದ್ದ. ಹೆಸರು ಕಾರ್ಲ್ ಫಿಲಿಪ್. ಸಿಗಿಸ್ಮಂಡ್‌ನನ್ನು ಇಳಿಸಿದ ಚಿಕ್ಕಪ್ಪ ಕಾರ್ಲ್‌ನ ಕಿರಿಯ ಮಗ. ಅಂದರೆ ನಮ್ಮ ಲೆಕ್ಕದಲ್ಲಿ ವ್ಲಾದಿಸ್ಲಾವ್‌ಗೆ ಚಿಕ್ಕಪ್ಪನೇ ಆಗಬೇಕು, ವಯಸ್ಸಿನಲ್ಲಿ ಮಾತ್ರ ಆರು ವರ್ಷ ಚಿಕ್ಕವ. ವಾಸಾ ಮನೆಯ ದಾಯಾದಿ ಜಗಳ ಮಾಸ್ಕೋ ಅಂಗಳಕ್ಕೆ ಬಂದಿತ್ತು ಅಷ್ಟೇ. 1611ರಲ್ಲಿ ಸ್ವೀಡನ್ ಸೈನ್ಯ ನೊವ್‌ಗೊರೊದ್ ಹಿಡಿದಾಗ ಆ ಊರು ಸ್ವೀಡನ್ನಿನ ಒಬ್ಬ ರಾಜಕುಮಾರನನ್ನು ಒಪ್ಪಿಕೊಂಡಿತ್ತು. ಪೊಝಾರ್‌ಸ್ಕಿಯೂ ಅವನ ಕಡೆಗೆ ಮಾತುಕತೆ ನಡೆಸಿದ್ದ. ಆದರೆ ಹುಡುಗ ಗಡಿಯ ವೀಬೊರ್ಗ್ ತಲುಪಿದ್ದು 1613ರ ಬೇಸಿಗೆಯಲ್ಲಿ. ಅಷ್ಟರಲ್ಲಿ ಮಿಖಾಯಿಲ್ ಆಯ್ಕೆ ಮುಗಿದು ತಿಂಗಳುಗಳಾಗಿದ್ದವು. ಬೇಗ ಬಂದಿದ್ದರೂ ಇಡೀ ರಷ್ಯಾ ಸಿಗುತ್ತಿರಲಿಲ್ಲ ಎನಿಸುತ್ತದೆ. ನೊವ್‌ಗೊರೊದ್ ಒಂದು ಬೇರೆ ಚಿಕ್ಕ ರಾಜ್ಯವಾಗಿ ಸ್ವೀಡನ್ನಿನ ಕೈಯಲ್ಲಿ ಉಳಿಯುತ್ತಿತ್ತು. 1617ರ ಸ್ತೊಲ್ಬೊವೊ ಒಪ್ಪಂದದಲ್ಲಿ ಊರು ಮಾಸ್ಕೋಗೆ ವಾಪಸ್ ಬಂತು, ಬಾಲ್ಟಿಕ್ ಕಡಲಿನ ದಾರಿ ಹೋಯಿತು.

ಪ್ರಶ್ನೆ: ನಾನು ವಕೀಲ. ಕಾನೂನಿನ ಪ್ರಕಾರ 1598ರಲ್ಲಿ ಪಟ್ಟ ಯಾರಿಗೆ ಸೇರಬೇಕಿತ್ತು? ಹತ್ತಿರದ ಗಂಡು ವಾರಸುದಾರ ಯಾರು?
– ಓದುಗರು, ಶಿವಮೊಗ್ಗ

ಉತ್ತರ: ಸ್ವಾಮಿ, ಬರೆದಿಟ್ಟ ಕಾನೂನು ಇದ್ದರೆ ತಾನೆ! ಅಪ್ಪನಿಂದ ಮಗನಿಗೆ ಎನ್ನುವ ರೂಢಿ ಇತ್ತು. ಮಗ ಇಲ್ಲದಿದ್ದರೆ ಏನು ಎಂದು ಎಲ್ಲೂ ಇರಲಿಲ್ಲ. 1722ರಲ್ಲಿ ಪೀಟರ್ ದಿ ಗ್ರೇಟ್ ‘ದೊರೆ ಇಷ್ಟಪಟ್ಟವರಿಗೆ ಪಟ್ಟ’ ಎಂದು ಕಾನೂನು ಮಾಡಿದ. ತಾನು ಮಾತ್ರ ಯಾರ ಹೆಸರನ್ನೂ ಹೇಳದೆ ಸತ್ತ. ಹಿರಿಯ ಮಗನಿಗೆ ಪಟ್ಟ ಎಂಬ ಸ್ಪಷ್ಟ ನಿಯಮ ಬಂದದ್ದು 1797ರಲ್ಲಿ, ಪಾವೆಲ್ ಕಾಲದಲ್ಲಿ.

ರೂರಿಕ್ ರಕ್ತವೇ ಬೇಕು ಎಂದಿದ್ದರೆ 1598ರಲ್ಲಿ ಅದಕ್ಕೆ ಬರ ಇರಲಿಲ್ಲ. ಶೂಯ್‌ಸ್ಕಿಗಳು ಆ ವಂಶದವರು, ಪೊಝಾರ್‌ಸ್ಕಿಯೂ ಆ ವಂಶದವನೇ. ಗೊಲಿತ್ಸಿನ್, ಮ್ಸ್ತಿಸ್ಲಾವ್‌ಸ್ಕಿ, ತ್ರುಬೆತ್ಸ್‌ಕೊಯ್ ಮನೆಗಳು ಲಿಥುವೇನಿಯಾದ ಗೆದಿಮಿನ್ ರಾಜವಂಶದ ಕವಲುಗಳು. ಗೊದುನೋವ್‌ಗೆ ಇದ್ದದ್ದು ತಂಗಿಯ ಸಂಬಂಧ. ರೊಮಾನೋವ್‌ಗಳದು ಸೋದರಮಾವನ ಮನೆ. ಇವಾನ್ ದಿ ಟೆರಿಬಲ್‌ನ ಮೊದಲ ಹೆಂಡತಿ ಅನಸ್ತಾಸಿಯಾಳ ಅಣ್ಣನ ಮಗ ಫಿಲಾರೆತ್. ವಾರಸುದಾರಿಕೆಯ ದಾವಾ ಹಾಕಿದ್ದರೆ ಈ ಎರಡೂ ಮನೆಯವರು ಮೊದಲ ದಿನವೇ ಸೋಲುತ್ತಿದ್ದರು. ಎರಡೂ ಮನೆಗೆ ಝಾರ್ ಪಟ್ಟ ಸಿಕ್ಕಿತು.

ನಿಮಗೆ ಹಿಡಿಸುವ ಇನ್ನೊಬ್ಬ ಇದ್ದಾನೆ. ಸಿಮೆಯೋನ್ ಬೆಕ್‌ಬುಲಾತೊವಿಚ್. ತಾತಾರ್ ಖಾನ್ ವಂಶದವನು, ಕ್ರೈಸ್ತನಾದವನು. 1575ರಲ್ಲಿ ಇವಾನ್ ದಿ ಟೆರಿಬಲ್‌ಗೆ ಏನು ಹುಚ್ಚು ಹಿಡಿಯಿತೋ, ಇವನನ್ನು ‘ಸರ್ವ ರಷ್ಯಾದ ಮಹಾರಾಜ’ ಎಂದು ಕೂರಿಸಿ ತಾನು ಪ್ರಜೆಯಂತೆ ಅರ್ಜಿ ಬರೆದುಕೊಂಡ. ಒಂದು ವರ್ಷದ ಒಳಗೆ ಇಳಿಸಿದ. ನಗೆನಾಟಕ ಎನ್ನಿ. ಆದರೆ 1598ರಲ್ಲಿ ಹಿಂದೆ ಮಾಸ್ಕೋ ಗದ್ದುಗೆಯಲ್ಲಿ ಕೂತಿದ್ದ ಮನುಷ್ಯ ಎಂದರೆ ಇವನೊಬ್ಬನೇ. ಗೊದುನೋವ್‌ಗೆ ಅದು ಎಷ್ಟು ಚುಚ್ಚಿತೆಂದರೆ, ಜನರಿಂದ ತೆಗೆದುಕೊಂಡ ನಿಷ್ಠೆಯ ಪ್ರಮಾಣದಲ್ಲಿ ‘ಸಿಮೆಯೋನ್‌ನನ್ನು ಬಯಸುವುದಿಲ್ಲ’ ಎಂದು ಹೆಸರು ಹಿಡಿದೇ ಬರೆಸಿದ. ಮುಂದೆ ಸಿಮೆಯೋನ್ ಕುರುಡನಾದ, ಅವನನ್ನು ಸನ್ಯಾಸಿ ಮಾಡಿದರು, 1616ರಲ್ಲಿ ತೀರಿಕೊಂಡ. ಗೊದುನೋವ್, ಅವನ ಮಗ, ಮೊದಲ ಇಬ್ಬರು ಸುಳ್ಳು ದ್ಮಿತ್ರಿಗಳು, ಶೂಯ್‌ಸ್ಕಿ ಎಲ್ಲರೂ ಅವನಿಗಿಂತ ಮೊದಲೇ ಹೋಗಿದ್ದರು.

ಪ್ರಶ್ನೆ: ನಮ್ಮ ಬೀದರಿಗೆ ಬಂದಿದ್ದ ಅಫನಾಸಿ ನಿಕಿತಿನ್ ಯಾವ ರಾಜನ ಪ್ರಜೆ? ಎಲ್ಲರೂ ‘ರಷ್ಯಾದವನು’ ಎಂದು ಬರೆಯುತ್ತಾರೆ. ಅವನ ಕಾಲದಲ್ಲೂ ಪಟ್ಟದ ಜಗಳ ಇತ್ತೆ?
– ಓದುಗರು, ಬೀದರ್

ಉತ್ತರ: ಈ ಪ್ರಶ್ನೆ ಕಳಿಸಿದ್ದಕ್ಕೆ ಥ್ಯಾಂಕ್ಸ್. ಹದಿನೈದನೆಯ ಶತಮಾನದ ಈ ವ್ಯಾಪಾರಿ ನಿಕಿತಿನ್ ಮಾಸ್ಕೋದವನಲ್ಲ, ತ್ವೇರ್‌ನವನು. ತ್ವೇರ್ ಆಗ ಬೇರೆ ರಾಜ್ಯ. ಹೊರಡುವಾಗ ತನ್ನ ದೊರೆ ಮಿಖಾಯಿಲ್ ಬೊರಿಸೊವಿಚ್‌ನಿಂದ ಅಪ್ಪಣೆ ಪಡೆದು ಹೊರಟೆ ಎಂದು ಅವನೇ ಬರೆದಿದ್ದಾನೆ. ಬಹಮನಿ ಕಾಲದ ಬೀದರಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ತನ್ನ ಕುದುರೆ ಮಾರಿದ, ಸುಲ್ತಾನನ ಮೆರವಣಿಗೆಯ ಆನೆ-ಕುದುರೆ ಕಣ್ಣುತುಂಬ ನೋಡಿದ. ವಾಪಸ್ ಹೋಗುವಾಗ ಸ್ಮೊಲೆನ್‌ಸ್ಕ್ ತಲುಪುವ ಮೊದಲೇ ತೀರಿಕೊಂಡ. ಅವನ ಕೈಬರಹ 1475ರಲ್ಲಿ ಸಿಕ್ಕಿದ್ದು ಮಾಸ್ಕೋದ ಅಧಿಕಾರಿಯೊಬ್ಬನಿಗೆ. ನಿಕಿತಿನ್ ಇನ್ನೂ ಹತ್ತು-ಹದಿನೈದು ವರ್ಷ ಬದುಕಿದ್ದರೆ ತನ್ನ ರಾಜ್ಯವೇ ಇಲ್ಲದ್ದನ್ನು ನೋಡುತ್ತಿದ್ದ.

ತ್ವೇರ್ ಮತ್ತು ಮಾಸ್ಕೋ ಎರಡೂ ರೂರಿಕ್ ವಂಶದ ಕವಲುಗಳೇ. ಹದಿನಾಲ್ಕನೆಯ ಶತಮಾನದ ಶುರುವಿನಲ್ಲಿ ಯಾರು ದೊಡ್ಡವರು ಎಂದು ಕೇಳಿದ್ದರೆ ಹೆಚ್ಚಿನವರು ತ್ವೇರ್ ಎನ್ನುತ್ತಿದ್ದರು. ಯಾರಿಗೆ ಮಹಾರಾಜ ಪದವಿ ಎಂದು ತೀರ್ಮಾನಿಸುತ್ತಿದ್ದದ್ದು ಮಂಗೋಲ್ ಖಾನ್. ತ್ವೇರ್‌ನ ಮಿಖಾಯಿಲ್‌ನನ್ನು 1318ರಲ್ಲಿ ಖಾನ್ ಬೀಡಿನಲ್ಲೇ ಕೊಂದರು. ಅದರ ಹಿಂದೆ ಇದ್ದವನು ಮಾಸ್ಕೋದ ಯೂರಿ. 1327ರಲ್ಲಿ ತ್ವೇರ್ ಜನ ಮಂಗೋಲರ ಮೇಲೆ ದಂಗೆ ಎದ್ದರು. ಅದನ್ನು ಅಡಗಿಸಲು ಖಾನ್ ಸೈನ್ಯದ ಜೊತೆ ಹೋದವನು ಮಾಸ್ಕೋದ ಇವಾನ್ ಕಲಿತಾ. ಮುಂದೆ ತ್ವೇರ್ ಚರ್ಚಿನ ಗಂಟೆಯನ್ನೂ ಮಾಸ್ಕೋಗೆ ಹೊತ್ತುಕೊಂಡು ಹೋದ. 1485ರಲ್ಲಿ ಮಾಸ್ಕೋದ ಮೂರನೇ ಇವಾನ್ ಮುತ್ತಿಗೆ ಹಾಕಿದಾಗ ನಿಕಿತಿನ್‌ನ ದೊರೆ ರಾತ್ರೋರಾತ್ರಿ ಲಿಥುವೇನಿಯಾಗೆ ಓಡಿದ. ಮುತ್ತಿಗೆ ಹಾಕಿದವನು ಅವನ ಸ್ವಂತ ಭಾವ.

ಇಲ್ಲೇ ಒಂದು ದೊಡ್ಡ ‘ಆಗಿದ್ದರೆ’ ಇದೆ. ಮೂರನೇ ಇವಾನ್‌ನ ಮೊದಲ ಹೆಂಡತಿ ತ್ವೇರ್‌ನವಳು. ಅವಳ ಮಗ ಕಿರಿಯ ಇವಾನ್ ಯುವರಾಜ. ಅವನಿಗೆ ಕಾಲುನೋವಿನ ಕಾಯಿಲೆ. ವೆನಿಸ್‌ನಿಂದ ಬಂದಿದ್ದ ಲಿಯೋನ್ ಎಂಬ ವೈದ್ಯ ‘ಗುಣ ಮಾಡದಿದ್ದರೆ ನನ್ನ ತಲೆ ತೆಗೆಯಿರಿ’ ಎಂದು ಮಾತು ಕೊಟ್ಟ. ಗಿಡಮೂಲಿಕೆ ಕುಡಿಸಿದ, ಬಿಸಿನೀರು ತುಂಬಿದ ಗಾಜಿನ ಪಾತ್ರೆಗಳಿಂದ ಶಾಖ ಕೊಟ್ಟ. 1490ರಲ್ಲಿ ರೋಗಿ ಸತ್ತ. ವೈದ್ಯನ ತಲೆಯನ್ನು ನಿಜವಾಗಿಯೂ ತೆಗೆದರು. ನನ್ನ ವೃತ್ತಿಯವರು ರೋಗಿಯ ಕಡೆಯವರಿಗೆ ಯಾಕೆ ಗ್ಯಾರಂಟಿ ಕೊಡುವುದಿಲ್ಲ ಎಂದು ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಸತ್ತ ಯುವರಾಜನ ಮಗ ದ್ಮಿತ್ರಿಗೆ 1498ರಲ್ಲಿ ತಾತನೇ ಕಿರೀಟ ಇಟ್ಟ. ನಾಲ್ಕು ವರ್ಷಕ್ಕೆ ಮನಸ್ಸು ಬದಲಿಸಿ, ಎರಡನೇ ಹೆಂಡತಿ, ಬೈಜಾಂಟಿಯಮ್ ವಂಶದ ಸೋಫಿಯಾಳ ಮಗ ವಸೀಲಿಗೆ ಪಟ್ಟ ಕೊಟ್ಟ. ಮೊಮ್ಮಗ 1509ರಲ್ಲಿ ಸೆರೆಯಲ್ಲೇ ಸತ್ತ. ಆ ವಸೀಲಿಯ ಮಗನೇ ಇವಾನ್ ದಿ ಟೆರಿಬಲ್. ಲಿಯೋನ್‌ನ ಔಷಧ ಹಿಡಿದಿದ್ದರೆ, ಅಥವಾ ತಾತ ಆಡಿದ ಮಾತಿಗೆ ನಿಂತಿದ್ದರೆ, ಮಾಸ್ಕೋ ಗದ್ದುಗೆಯಲ್ಲಿ ನಿಕಿತಿನ್‌ನ ದೊರೆಯ ಅಕ್ಕನ ಮಗನೋ ಮೊಮ್ಮಗನೋ ಕೂರುತ್ತಿದ್ದ. ಇವಾನ್ ದಿ ಟೆರಿಬಲ್ ಪಟ್ಟಕ್ಕೆ ಬರುತ್ತಿರಲಿಲ್ಲ. ಊಗ್ಲಿಚ್ ಇರುತ್ತಿತ್ತು, ಅಲ್ಲಿ ಚಾಕು ಆಟ ಆಡುವ ರಾಜಕುಮಾರ ಇರುತ್ತಿರಲಿಲ್ಲ. ವ್ಲಾದಿಸ್ಲಾವ್ ಪ್ರಸಂಗಕ್ಕಿಂತ ಇದು ದೊಡ್ಡ ತಿರುವು ಎನ್ನುವುದು ನನ್ನ ಮತ. ಬೆಂಗಳೂರಿನ ಹುಡುಗ ಮುಂದಿನ ಸಲ ತ್ವೇರ್ ಆಗಿ ಆಡಿ ನೋಡಲಿ.

ಪ್ರಶ್ನೆ: ಈಗಲೂ ರಷ್ಯಾ ಪಟ್ಟಕ್ಕೆ ಹಕ್ಕು ಹೇಳುವವರು ಇದ್ದಾರಾ?
– ಓದುಗರು, ಮೈಸೂರು

ಉತ್ತರ: ಇದ್ದಾರೆ, ಅದೂ ಒಂದೇ ಮನೆಯವರು. ಕೊನೆಯ ಝಾರ್ ನಿಕೊಲಾಯ್‌ನ ದಾಯಾದಿ ತಮ್ಮ ಕಿರಿಲ್ 1924ರಲ್ಲಿ, ದೇಶ ಬಿಟ್ಟು ಹೋದ ಮೇಲೆ, ತಾನೇ ಚಕ್ರವರ್ತಿ ಎಂದು ಘೋಷಿಸಿಕೊಂಡ. ಅವನ ಮೊಮ್ಮಗಳು ಮರಿಯಾ ವ್ಲಾದಿಮಿರೋವ್ನಾ, 1953ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದವರು. ಅವರ ಮಗ ಗಿಯೋರ್ಗಿ ಮದುವೆ 2021ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಐಸಾಕ್ ಚರ್ಚಿನಲ್ಲಿ ಅದ್ಧೂರಿಯಾಗಿ ನಡೆಯಿತು. ಇನ್ನೊಬ್ಬರು ಜರ್ಮನಿಯ ಲೈನಿಂಗನ್ ಮನೆತನದ ಕಾರ್ಲ್ ಎಮಿಖ್, ಕಿರಿಲ್‌ನ ಮಗಳ ಕಡೆಯ ಮರಿಮಗ. 2013ರಲ್ಲಿ ಆರ್ಥಡಾಕ್ಸ್ ಧರ್ಮಕ್ಕೆ ಸೇರಿ ನಿಕೊಲಾಯ್ ಎಂದು ಹೆಸರು ಬದಲಿಸಿಕೊಂಡರು. ರಷ್ಯಾ ಗಣರಾಜ್ಯ, ಪಟ್ಟವೇ ಇಲ್ಲ. ಹಾಗಾಗಿ ಜಗಳ ಬಿರುದು-ಬಾವಲಿಯಲ್ಲೇ ಉಳಿದಿದೆ.

ಹಾಸನದ ಓದುಗರು ತೊಟ್ಟಿಲಲ್ಲೇ ಝಾರ್ ಆಗಿ ಸೆರೆಮನೆಯಲ್ಲೇ ಬೆಳೆದ ಆರನೇ ಇವಾನ್ ಬಗ್ಗೆ ಕೇಳಿದ್ದಾರೆ. ಮಕ್ಕಳ ಡಾಕ್ಟರಾಗಿ ಆ ಕಥೆಗೆ ನನಗೆ ಇನ್ನೂ ಸ್ವಲ್ಪ ಜಾಗ ಬೇಕು. ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಪತ್ರ ಬರೆಯುವವರು ದಯವಿಟ್ಟು ಅಕ್ಷರ ಸ್ವಲ್ಪ ಬಿಡಿಸಿ ಬರೆಯಿರಿ. ನನ್ನ ಅಕ್ಷರ ಓದಿದ ಮೆಡಿಕಲ್ ಶಾಪಿನವರು ಇದನ್ನು ನೋಡಿದರೆ ನಗುತ್ತಾರೆ, ಆದರೂ ಹೇಳುತ್ತಿದ್ದೇನೆ.